ಎರಡು ಪದಗಳ ನಡುವಿನ ಗೆರೆ

ಶಾಸ್ತ್ರಗ್ರಂಥಗಳನ್ನು ಗಣಕಯಂತ್ರಕ್ಕೆ ಏರಿಸುವ ಕಾರ್ಯವು ನಮ್ಮ ದೇಶದಲ್ಲಿ ಈಗ ಭರದಿಂದ ಸಾಗಿದೆ. ಗ್ರಂಥದ ಪಾಠವನ್ನು ತಪ್ಪಿಲ್ಲದಂತೆ ಏರಿಸುವುದು ಅದರ ಮೊದಲನೆಯ ಹಂತ. ಅದಾದ ಮೇಲೆ ವಿದ್ವಾಂಸರೂ ಯಂತ್ರಜ್ಞರೂ ಸೇರಿ ಇನ್ನೊಂದು ಹಂತಕ್ಕೆ ಕೈಹಾಕಿದ್ದಾರೆ. ಗ್ರಂಥಗಳಲ್ಲಿ ಬರುವ ಪಾರಿಭಾಷಿಕ ಪದಾರ್ಥಗಳನ್ನು ಒಂದೊಂದಾಗಿ ಆಯ್ದು, ಯಾವುದಕ್ಕೂ ಯಾವುದಕ್ಕೂ ಏನು ಸಂಬಂಧವೆಂಬುದನ್ನು ಯಂತ್ರವು ಗ್ರಹಿಸುವಂತೆ ಬರೆದಿಡುವುದೇ ಆ ಹಂತ. ಇಂಥ ಸಂಗ್ರಹವನ್ನು ಜ್ಞಾನಸಂಚಯವೆಂದು ಕರೆಯೋಣ. ಇದರ ರಚನೆಯು ಬಹು ಸರಳ. ಒಂದು ಪದ, ಇನ್ನೊಂದು ಪದ, ಅವೆರಡರ ನಡುವೆ ಒಂದು ಗೆರೆ, ಆ ಗೆರೆಗೆ ಒಂದು ಹೆಸರು. 'ಘಟ'ವು ಇತ್ತ, 'ಮೃತ್ತಿಕೆ'ಯು ಅತ್ತ. ನಡುವೆ 'ಉಪಾದಾನ'ವೆಂದು ಬರೆದರೆ ಒಂದು ಸಾಲು ಮುಗಿಯಿತು. ಇಂಥ ಲಕ್ಷಾಂತರ ಸಾಲುಗಳು ಸೇರಿದಾಗ ದೊಡ್ಡದೊಂದು ಬಲೆಯಾಗುತ್ತದೆ. ಪ್ರಶ್ನೆ ಕೇಳಿದವನಿಗೆ ಯಂತ್ರವು ಗೆರೆಯಿಂದ ಗೆರೆಗೆ ಸಾಗಿ ಉತ್ತರವನ್ನು ಒದಗಿಸುತ್ತದೆ.

ಭಾನುವಾರದ ಪಾಠಕ್ಕೆ ಬರುವ ತರುಣರಲ್ಲಿ ಇಬ್ಬರು ಮೂವರು ಇಂಥದೊಂದು ಕೋಷ್ಟಕವನ್ನು ನಮ್ಮ ಕೈಯಲ್ಲಿಟ್ಟು, ನಡುವಣ ಅಂಕಣವನ್ನು ತುಂಬಿಸಿ ಕೊಡಬೇಕೆಂದು ಕೋರಿದರು. ಏಳೆಂಟು ಸಂಬಂಧಗಳ ಪಟ್ಟಿಯೂ ಜೊತೆಗಿತ್ತು. ಅವುಗಳಲ್ಲೊಂದನ್ನು ಆರಿಸಿ ಬರೆಯತಕ್ಕದ್ದು. ಅವರ ಉತ್ಸಾಹವು ಶ್ಲಾಘ್ಯವೇ ಸರಿ. ಆದರೆ ಆ ಕೋಷ್ಟಕವನ್ನು ಮುಂದಿಟ್ಟುಕೊಂಡು ಕುಳಿತಾಗ ಎದ್ದ ಪ್ರಶ್ನೆಯು ಯಂತ್ರಕ್ಕಿಂತ ಧರ್ಮಕ್ಕೆ ಹೆಚ್ಚು ಸೇರಿದ್ದು. ಎರಡು ಪದಗಳ ನಡುವೆ ಗೆರೆಯೆಳೆದು ಹೆಸರಿಡುವವನು ಒಂದು ಮಾತನ್ನು ಆಡಿದಂತೆಯೇ. ಆ ಮಾತು ಯಾರದು? ಅದು ಅನೃತವಾದರೆ ದೋಷವು ಯಾರಿಗೆ? ವಾಚಕರೊಡನೆ ಇದನ್ನು ಕುರಿತು ಸ್ವಲ್ಪ ವಿಚಾರ ಮಾಡುವುದು ಉಚಿತವೆಂದು ತೋರಿತು.

ಒಂದು ಸಾಲನ್ನೇ ತೆಗೆದುಕೊಳ್ಳೋಣ. 'ಜೀವ'ನು ಇತ್ತ, 'ಬ್ರಹ್ಮ'ವು ಅತ್ತ. ನಡುವೆ ಏನು ಬರೆಯಬೇಕು? ಪಟ್ಟಿಯಲ್ಲಿ 'ಭಾಗ' ಅಥವಾ 'ಅಂಶ'ವೆಂಬುದಿದೆ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಸೂತ್ರಕಾರರು ಜೀವನನ್ನು ಅಂಶವೆಂದೇ ಕರೆದಿದ್ದಾರೆ. ಗೀತೆಯ ಹದಿನೈದನೆಯ ಅಧ್ಯಾಯದಲ್ಲಿಯೂ ಆ ಶಬ್ದವಿದೆ. ಸೂತ್ರದ ಶಬ್ದವೇ ಸಿಕ್ಕಿದ ಮೇಲೆ ಇನ್ನೇನು ಬೇಕೆಂದು ತರುಣನು 'ಅಂಶ'ವನ್ನು ಆರಿಸಿ ಮುಂದಿನ ಸಾಲಿಗೆ ಹೋಗುತ್ತಾನೆ.

ಆದರೆ ಆ ಶಬ್ದಕ್ಕೆ ಅರ್ಥವನ್ನು ಹೇಳುವಲ್ಲಿ ಭಾಷ್ಯಕಾರರು ಬೇರೆ ಬೇರೆ ದಾರಿಗಳನ್ನು ಹಿಡಿದಿದ್ದಾರೆ. ಶಂಕರಾಚಾರ್ಯರ ಪ್ರಕಾರ ಬ್ರಹ್ಮವು ನಿರವಯವವಾದುದರಿಂದ ಅದಕ್ಕೆ ಮುಖ್ಯಾರ್ಥದಲ್ಲಿ ಅಂಶವಿರಲಾರದು. ಜೀವನು ಅಂಶದಂತೆ ಇರುವವನು ಎಂದಷ್ಟೇ ತಾತ್ಪರ್ಯ. ರಾಮಾನುಜಾಚಾರ್ಯರ ಪ್ರಕಾರ ವಿಶಿಷ್ಟವಾದ ವಸ್ತುವಿಗೆ ವಿಶೇಷಣವು ಅಂಶವೆನಿಸುವಂತೆ, ತೇಜಸ್ಸುಳ್ಳ ವಸ್ತುವಿಗೆ ಅದರ ಪ್ರಭೆಯು ಅಂಶವೆನಿಸುವಂತೆ ಜೀವನು ಬ್ರಹ್ಮಕ್ಕೆ ಅಂಶ. ಶ್ರೀಮದಾಚಾರ್ಯರು ಅಂಶವನ್ನು ಎರಡು ಬಗೆಯಾಗಿ ವಿಭಾಗಿಸುತ್ತಾರೆ. ಮತ್ಸ್ಯಕೂರ್ಮಾದಿ ಅವತಾರಗಳು ಸ್ವರೂಪಾಂಶಗಳು. ಅಲ್ಲಿ ಮೂಲರೂಪಕ್ಕೂ ಅವತಾರಕ್ಕೂ ಲೇಶವೂ ಭೇದವಿಲ್ಲ. ಜೀವನಾದರೋ ಭಿನ್ನಾಂಶ, ಭಗವಂತನಿಂದ ಭಿನ್ನನಾಗಿ, ಅವನ ಅಲ್ಪಸಾದೃಶ್ಯವುಳ್ಳವನಾಗಿ, ಸರ್ವದಾ ಅವನ ಅಧೀನನಾಗಿ ಇರುವವನು.

ಮೂರು ಭಾಷ್ಯಗಳಲ್ಲಿಯೂ ಶಬ್ದವು ಒಂದೇ. ಕೈಯು ದೇಹದ ತುಂಡಾಗಿರುವಂತೆ ಜೀವನು ಬ್ರಹ್ಮದ ತುಂಡೆಂದು ಮೂವರಲ್ಲಿ ಒಬ್ಬರೂ ಹೇಳಲಿಲ್ಲ. ಯಂತ್ರಕ್ಕೆ ಗೊತ್ತಿರುವುದು ಮಾತ್ರ ಆ ಒಂದೇ ಅರ್ಥ! ಅಲ್ಲಿ 'ಭಾಗ'ವೆಂಬುದು ಮುಂದಕ್ಕೆ ಸಾಗುತ್ತ ಹೋಗುವ ಸಂಬಂಧ. ಉಗುರು ಬೆರಳಿನ ಭಾಗ, ಬೆರಳು ಕೈಯ ಭಾಗ, ಕೈಯು ದೇಹದ ಭಾಗ. ಆದುದರಿಂದ ಉಗುರು ದೇಹದ ಭಾಗ. ಈ ನಿಯಮವನ್ನು ಮೇಲಿನ ಸಾಲಿಗೆ ಹಚ್ಚಿದರೆ, ಕಾಲಿಗೆ ಮುಳ್ಳು ಚುಚ್ಚಿದಾಗ ದೇಹಿಗೆ ನೋವಾಗುವಂತೆ ಜೀವನ ದುಃಖವು ಬ್ರಹ್ಮಕ್ಕೂ ತಟ್ಟಬೇಕಾಗುತ್ತದೆ. ಈ ಆಕ್ಷೇಪವು ಹಳೆಯದೇ. ಸೂತ್ರಕಾರರೇ ಅದೇ ಅಧಿಕರಣದ ಸಮೀಪದಲ್ಲಿ ಇದನ್ನು ಪರಿಹರಿಸಿದ್ದಾರೆ. ಪರಿಹಾರವು ಗ್ರಂಥದಲ್ಲಿಯೇ ಉಳಿಯಿತು. ಯಂತ್ರದೊಳಗೆ ಹೋದದ್ದು ಆಕ್ಷೇಪಕ್ಕೆ ಗುರಿಯಾದ ಅರ್ಥ.

ಹಿಂದೆ ಈ ಶಬ್ದವನ್ನು ಕೇಳುತ್ತಿದ್ದವನ ಎದುರಿಗೆ ಗುರುವಿರುತ್ತಿದ್ದನು. 'ಅಂಶ'ವೆಂದೊಡನೆ ಶಿಷ್ಯನು ಪ್ರಶ್ನಿಸುತ್ತಿದ್ದನು, ಗುರುವು ತಿದ್ದುತ್ತಿದ್ದನು. ಇಂದು ದಿಲ್ಲಿಯಲ್ಲೋ ಹೈದರಾಬಾದಿನಲ್ಲೋ ಇರುವ ನಮ್ಮ ಮನೆಯ ಹುಡುಗನು ಕಛೇರಿಯಿಂದ ರಾತ್ರಿ ಮನೆಗೆ ಬಂದು ಯಂತ್ರವನ್ನು ಕೇಳುತ್ತಾನೆ. ಅವನಿಗೆ ಸಿಗುವುದು ಗೆರೆ ಮಾತ್ರ. ಅದನ್ನೇ ಅವನು ಸಿದ್ಧಾಂತವೆಂದು ನಂಬುತ್ತಾನೆ. ಗೆರೆಯೆಳೆದವನು ಯಾರೋ, ಯಾವ ಗ್ರಂಥವನ್ನು ನೋಡಿ ಎಳೆದನೋ ಅವನಿಗೆ ತಿಳಿಯುವ ಮಾರ್ಗವಿಲ್ಲ.

ಪದಗಳನ್ನು ಸಂಬಂಧದ ಮೇಲೆ ಜೋಡಿಸುವುದು ನಮ್ಮವರಿಗೆ ಹೊಸ ವಿದ್ಯೆಯೇನಲ್ಲ. ಬಾಲ್ಯದಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವರು ಇದನ್ನು ಬಲ್ಲರು. ಮೂರು ಕಾಂಡಗಳ, ಸುಮಾರು 1500 ಶ್ಲೋಕಗಳ ಆ ಗ್ರಂಥದಲ್ಲಿ ಅಕಾರಾದಿ ಕ್ರಮವಿಲ್ಲ, ವಿಷಯಾನುಸಾರವಾದ ವರ್ಗಗಳಿವೆ. ಸ್ವರ್ಗವರ್ಗದಲ್ಲಿ ವಿಷ್ಣುವಿನ ನಾಮಗಳು ಮುಗಿದೊಡನೆ ವಸುದೇವ, ಬಲರಾಮ, ಕಾಮ, ಅನಿರುದ್ಧ, ಲಕ್ಷ್ಮೀ ಇವರ ಹೆಸರುಗಳು, ಅನಂತರ ಶಂಖ, ಚಕ್ರ, ಗದೆ, ಖಡ್ಗ, ಕೌಸ್ತುಭ, ಆಮೇಲೆ ಗರುಡನ ಹೆಸರುಗಳು ಬರುತ್ತವೆ. ವಸುದೇವನು ತಂದೆ, ಲಕ್ಷ್ಮಿಯು ಪತ್ನಿ, ಗದೆಯು ಆಯುಧ, ಗರುಡನು ವಾಹನ. ಅಮರಸಿಂಹನು ಬಹುಮಟ್ಟಿಗೆ ಇದನ್ನು ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ. ಅಕ್ಕಪಕ್ಕದಲ್ಲಿ ಇರಿಸಿದನು, ಅಷ್ಟೆ. ಬಿಡಿಸಿ ಹೇಳುವುದು ಪಾಠ ಹೇಳುವವನ ಪಾಲಿಗೆ ಬಂತು. ಹೈದರಾಬಾದ್ ವಿಶ್ವವಿದ್ಯಾಲಯದ ಶಿವಜಾ ನಾಯರ್ ಮತ್ತು ಅಂಬಾ ಕುಲಕರ್ಣಿಯವರು 2010ರಲ್ಲಿ ಪ್ರಕಟಿಸಿದ ಕಾರ್ಯದಲ್ಲಿ ಅಮರನ ಈ ಮೌನಕ್ಕೆ ಮಾತು ಕೊಟ್ಟಿದ್ದಾರೆ. ಅವಯವ-ಅವಯವಿ, ಪರಾಪರಜಾತಿ, ಜನ್ಯ-ಜನಕ, ಪತಿ-ಪತ್ನಿ, ಸ್ವ-ಸ್ವಾಮಿ, ಆಜೀವಿಕೆ ಎಂದು ಸಂಬಂಧಗಳನ್ನು ಹೆಸರಿಸಿ ಕೋಶದ ಪದಗಳನ್ನು ಯಂತ್ರಕ್ಕೆ ಜೋಡಿಸಿ ಕೊಟ್ಟಿದ್ದಾರೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾರ್ಜ್ ಮಿಲ್ಲರ್ 1985ರಲ್ಲಿ ಆರಂಭಿಸಿದ 'ವರ್ಡ್‌ನೆಟ್' ಎಂಬ ಪದಜಾಲವು ಈ ಬಗೆಯ ಕಾರ್ಯಗಳಲ್ಲಿ ಪ್ರಸಿದ್ಧವಾದುದು. ಅದರ ನಾಮಪದಗಳ ಸಂಬಂಧಗಳಲ್ಲಿ ಜಾತಿ, ಭಾಗಗಳಿಗೆ ಪ್ರಾಧಾನ್ಯವುಂಟು. ಸ್ವ-ಸ್ವಾಮಿಯಂಥ ಸಂಬಂಧಕ್ಕೆ ಎಡೆಯಿಲ್ಲ. ಹೊರಗಿನ ಪಟ್ಟಿಯನ್ನು ಹಾಗೆಯೇ ತಂದು ಹೇರದೆ, ಅಮರನ ಕೋಶಕ್ಕೆ ಬೇಕಾದ ಸಂಬಂಧಗಳನ್ನು ಅದರೊಳಗಿಂದಲೇ ಹುಡುಕಿದ್ದು ಹೈದರಾಬಾದಿನವರ ವಿವೇಕ.

ಇಲ್ಲಿಯೇ ಒಂದು ಮಾತು. ಅಮರನು ಸಂಬಂಧವನ್ನು ಹೆಸರಿಸದಿದ್ದರೂ ಅವನ ಕ್ರಮವು ಸುಮ್ಮನಿಲ್ಲ. ದೇವತೆಗಳ ಸಾಮಾನ್ಯ ಹೆಸರುಗಳಾದ ಮೇಲೆ, ಬ್ರಹ್ಮವಿಷ್ಣುಗಳಿಗಿಂತ ಮೊದಲು, ಬುದ್ಧನ ಹೆಸರುಗಳು ಬರುತ್ತವೆ. ಅಮರಸಿಂಹನು ಬೌದ್ಧನೆಂಬ ಪ್ರಸಿದ್ಧಿಗೆ ಇದೂ ಒಂದು ಆಧಾರ. ವೈದಿಕರ ಮನೆಗಳಲ್ಲಿ ಶತಮಾನಗಳಿಂದ ಮಕ್ಕಳು ಅದೇ ಕ್ರಮದಲ್ಲಿಯೇ ಅದನ್ನು ಪಠಿಸುತ್ತ ಬಂದಿದ್ದಾರೆ. ಯಾರೂ ಅದನ್ನು ತಿದ್ದಿ ವಿಷ್ಣುವನ್ನು ಮುಂದಕ್ಕೆ ತರಲಿಲ್ಲ. ಗ್ರಂಥವು ಅಮರನದು, ಕ್ರಮವೂ ಅಮರನದು ಎಂಬ ತಿಳಿವಳಿಕೆ ಅದಕ್ಕೆ ಕಾರಣವಿರಬೇಕು.

ಗೆರೆಯನ್ನು ಎಳೆಯುವುದಿರಲಿ, ಗೆರೆಗೆ ಇಡುವ ಹೆಸರೇ ವಿವಾದಗ್ರಸ್ತವಾದರೆ ಏನು ಮಾಡೋಣ? ಸಂಬಂಧಕ್ಕೆ ಎರಡು ತುದಿಗಳಿವೆ, ಒಂದು ಪ್ರತಿಯೋಗಿ, ಇನ್ನೊಂದು ಅನುಯೋಗಿ ಎಂದು ನೈಯಾಯಿಕರು ನಮಗೆ ಕಲಿಸಿದರು. ನೆಲದ ಮೇಲೆ ಗಡಿಗೆಯಿದೆ ಎಂಬಲ್ಲಿ ಗಡಿಗೆಯು ಪ್ರತಿಯೋಗಿ, ನೆಲವು ಅನುಯೋಗಿ. ತುದಿಗಳು ಅದಲುಬದಲಾದರೆ ಮಾತು ಬೇರೆಯಾಗುತ್ತದೆ. ಇದನ್ನು ಯಂತ್ರಜ್ಞರು ಚೆನ್ನಾಗಿ ಬಲ್ಲರು; ಅವರ ಗೆರೆಗೆ ಬಾಣದ ಗುರುತು ಇದ್ದೇ ಇರುತ್ತದೆ. ಆದರೆ ವಸ್ತ್ರಕ್ಕೂ ಅದರ ಬಿಳುಪಿಗೂ ಏನು ಸಂಬಂಧವೆಂದು ಕೇಳಿದರೆ ನೈಯಾಯಿಕನು 'ಸಮವಾಯ'ವೆನ್ನುತ್ತಾನೆ. ಅದು ನಿತ್ಯವಾದ ಬೇರೊಂದು ಪದಾರ್ಥ. ಭಾಟ್ಟಮೀಮಾಂಸಕನು 'ತಾದಾತ್ಮ್ಯ'ವೆನ್ನುತ್ತಾನೆ. ನಮ್ಮವರು ಇನ್ನೂ ಒಂದು ವಿಭಾಗ ಮಾಡುತ್ತಾರೆ: ವಸ್ತುವಿರುವವರೆಗೂ ಇರುವ ಧರ್ಮಕ್ಕೂ ವಸ್ತುವಿಗೂ ಸವಿಶೇಷವಾದ ಅಭೇದ, ವಸ್ತುವಿರುವಾಗಲೇ ಬಂದುಹೋಗುವ ಧರ್ಮಕ್ಕಾದರೆ ಭೇದಾಭೇದ. ಸಮವಾಯವನ್ನು ಒಪ್ಪಿದರೆ ಆ ಸಮವಾಯವನ್ನು ವಸ್ತುವಿಗೆ ಸೇರಿಸಲು ಮತ್ತೊಂದು ಸಂಬಂಧ ಬೇಕು, ಅದಕ್ಕೆ ಮಗದೊಂದು, ಹೀಗೆ ಅನವಸ್ಥೆಯೊದಗುತ್ತದೆಂಬ ದೋಷವನ್ನು ವೈಶೇಷಿಕಮತದ ವಿಮರ್ಶೆಯಲ್ಲಿ ಶಂಕರಾಚಾರ್ಯರೂ ಶ್ರೀಮದಾಚಾರ್ಯರೂ ಒಂದೇ ಸೂತ್ರದ ಆಧಾರದಿಂದ ತೋರಿಸುತ್ತಾರೆ. ಇವರಿಬ್ಬರೂ ಒಂದೇ ಪಕ್ಷದಲ್ಲಿ ನಿಲ್ಲುವ ಅಪರೂಪದ ಸ್ಥಳಗಳಲ್ಲಿ ಇದೊಂದು. ಬಹು ಕಾಲದ ಮೇಲೆ, 1893ರಲ್ಲಿ, ಇಂಗ್ಲೆಂಡಿನ ದಾರ್ಶನಿಕ ಬ್ರ್ಯಾಡ್ಲಿಯೂ ಸಂಬಂಧವೆಂಬುದನ್ನು ಕುರಿತು ಇದನ್ನೇ ಹೋಲುವ ತೊಡಕನ್ನು ಎತ್ತಿದನು. ನಮ್ಮ ಸಿದ್ಧಾಂತದಲ್ಲಿ 'ವಿಶೇಷ'ವು ವಸ್ತುವಿನದೇ ಆದ ಶಕ್ತಿ, ತನ್ನನ್ನು ತಾನೇ ನಿರ್ವಹಿಸಿಕೊಳ್ಳತಕ್ಕದ್ದು. ಆದುದರಿಂದ ಅಲ್ಲಿ ಅನವಸ್ಥೆಗೆ ಎಡೆಯಿಲ್ಲ.

ಇಷ್ಟನ್ನು ಹೇಳಿದ್ದು ಪಾಂಡಿತ್ಯದ ಪ್ರದರ್ಶನಕ್ಕಲ್ಲ. ಏಳೆಂಟು ಸಂಬಂಧಗಳ ಪಟ್ಟಿಯನ್ನು ತಯಾರಿಸಿದಾಗಲೇ, ಒಂದು ಸಾಲನ್ನೂ ಬರೆಯುವ ಮೊದಲೇ, ಪಟ್ಟಿಗಾರನು ಒಂದು ಮತವನ್ನು ಅಂಗೀಕರಿಸಿಬಿಟ್ಟಿರುತ್ತಾನೆ. 'ಗುಣ'ವೆಂಬ ಒಂದೇ ಗೆರೆಯನ್ನು ಪಟ್ಟಿಯಲ್ಲಿಟ್ಟು, ಎಲ್ಲ ಮತಗಳ ಗುಣಗುಣಿಗಳನ್ನೂ ಅದರಿಂದಲೇ ಕಟ್ಟಿದರೆ, ಆಯಾ ಮತದವರು ಸಹಸ್ರ ವರ್ಷ ವಾದಿಸಿದ ಅಂಶವೇ ಅಳಿಸಿಹೋಗುತ್ತದೆ.

ಇನ್ನು ನಮ್ಮ ಮನೆಯದೇ ಆದ ಒಂದು ನಿದರ್ಶನ. ಶ್ರೀಮದಾಚಾರ್ಯರ ದಶಪ್ರಕರಣಗಳಲ್ಲಿ 'ತತ್ತ್ವಸಂಖ್ಯಾನ'ವು ಬಹಳ ಪುಟ್ಟ ಗ್ರಂಥ. ಸಮಸ್ತ ತತ್ತ್ವಗಳ ವಿಭಾಗವನ್ನು ಕೆಲವೇ ಶ್ಲೋಕಗಳಲ್ಲಿ ಹೇಳಿ ಮುಗಿಸುತ್ತದೆ. ತತ್ತ್ವವು ಸ್ವತಂತ್ರ, ಅಸ್ವತಂತ್ರವೆಂದು ಎರಡು ಬಗೆ. ಅಸ್ವತಂತ್ರವು ಭಾವ, ಅಭಾವವೆಂದು ಎರಡು. ಅಭಾವವು ಮೂರು ವಿಧ. ಭಾವವು ಚೇತನ, ಅಚೇತನ. ಹೀಗೆ ಕೊಂಬೆಗಳು ಒಡೆಯುತ್ತ ಹೋಗುತ್ತವೆ. ಯಂತ್ರಕ್ಕೆ ಇದಕ್ಕಿಂತ ಅನುಕೂಲವಾದ ಗ್ರಂಥವಿಲ್ಲವೆಂದು ತರುಣರಿಗೆ ಸಂತೋಷವಾಯಿತು. ಅವರು ವೃಕ್ಷದ ಚಿತ್ರವೊಂದನ್ನು ತೆಗೆದು ತೋರಿಸಿದರು. ಮೇಲೆ 'ತತ್ತ್ವ', ಅದರ ಕೆಳಗೆ ಸಮಾನ ಎತ್ತರದಲ್ಲಿ ಎರಡು ಕೊಂಬೆಗಳು, ಒಂದರಲ್ಲಿ ವಿಷ್ಣು, ಇನ್ನೊಂದರಲ್ಲಿ ಉಳಿದ ಸಮಸ್ತ ಜಗತ್ತು!

ವಿಭಾಗವೆಂಬ ದೃಷ್ಟಿಯಿಂದ ಚಿತ್ರದಲ್ಲಿ ದೋಷವಿಲ್ಲ. ಎರಡೂ 'ತತ್ತ್ವ'ದ ಪ್ರಕಾರಗಳೇ. ಆದರೆ ಗ್ರಂಥವು ಹೊರಟದ್ದು ಬೇರೊಂದು ಸಂಬಂಧವನ್ನು ಹೇಳಲಿಕ್ಕೆ. ಅಸ್ವತಂತ್ರವೆಂಬ ಹೆಸರೇ ಸ್ವತಂತ್ರವನ್ನು ಅಪೇಕ್ಷಿಸುತ್ತದೆ. ಎರಡನೆಯ ಕೊಂಬೆಯಲ್ಲಿರುವ ಪ್ರತಿಯೊಂದರ ಸತ್ತೆ, ಪ್ರವೃತ್ತಿ, ಜ್ಞಾನಗಳು ಮೊದಲನೆಯ ಕೊಂಬೆಯಲ್ಲಿರುವವನ ಅಧೀನ. ಪ್ರಕಾರವೆಂಬ ಗೆರೆಯು ಮೇಲಿನಿಂದ ಕೆಳಗೆ ಇಳಿಯುತ್ತದೆ; ಅಧೀನವೆಂಬ ಗೆರೆಯು ಅಡ್ಡಲಾಗಿ ಹಾಯಬೇಕು. ಗ್ರಂಥದ ಪ್ರಾಣವು ಅಡ್ಡಗೆರೆಯಲ್ಲಿದೆ. ಅದನ್ನು ಎಳೆಯದಿದ್ದರೆ ಪ್ರತಿಯೊಂದು ಗೆರೆಯೂ ಯಥಾರ್ಥವಾಗಿದ್ದು ಒಟ್ಟು ಚಿತ್ರವು ಅಯಥಾರ್ಥವಾಗುತ್ತದೆ. ಅಸತ್ಯವು ಹೀಗೂ ಬರುತ್ತದೆಯೆಂಬುದನ್ನು ಕೋಶಕಾರರು ಗಮನಿಸತಕ್ಕದ್ದು.

ಎಲ್ಲ ಗೆರೆಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು 'ಅದೇ ಇದು' ಎಂಬ ಗೆರೆ. ಬೇರೆ ಬೇರೆ ಸಂಚಯಗಳ ಪದಗಳನ್ನು ಒಂದಕ್ಕೊಂದು ಹೊಂದಿಸಲು 2009ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯಾದ 'ಡಬ್ಲ್ಯು3ಸಿ'ಯವರು 'ಸ್ಕೋಸ್' ಎಂಬ ನಿಯಮಾವಳಿಯನ್ನು ಹೊರತಂದರು. ಅದರಲ್ಲಿ ಒಂದು ಸೂಕ್ಷ್ಮವಿದೆ. ಎರಡು ಪದಗಳು ಪೂರ್ಣವಾಗಿ ಒಂದೇ ಎನ್ನುವುದಕ್ಕೆ ಒಂದು ಗೆರೆ, ಹತ್ತಿರದವು ಎನ್ನುವುದಕ್ಕೆ ಇನ್ನೊಂದು. ಪೂರ್ಣ ಐಕ್ಯದ ಗೆರೆಯು ಸಾಗುತ್ತ ಹೋಗುತ್ತದೆ: ಮೊದಲನೆಯದು ಎರಡನೆಯದೇ, ಎರಡನೆಯದು ಮೂರನೆಯದೇ ಆದರೆ ಮೊದಲನೆಯದು ಮೂರನೆಯದೂ ಹೌದು. ಸಾಮೀಪ್ಯದ ಗೆರೆಯನ್ನು ಹಾಗೆ ಸಾಗಿಸಬಾರದೆಂದು ಅವರು ಬೇಕೆಂದೇ ನಿಲ್ಲಿಸಿದ್ದಾರೆ. ಸದೃಶವಾದವುಗಳ ಸಾಲಿನಲ್ಲಿ ಮೊದಲನೆಯದಕ್ಕೂ ಕಡೆಯದಕ್ಕೂ ಸಾದೃಶ್ಯವೇ ಉಳಿಯದಿರಬಹುದಲ್ಲವೆ? ಸಾದೃಶ್ಯವನ್ನು ಐಕ್ಯವೆಂದು ಎಣಿಸಬಾರದೆಂಬ ಮಾತು ನಮ್ಮ ಪಾಠಶಾಲೆಗಳಲ್ಲಿ ಬೆಳೆದವರಿಗೆ ಬಹು ಪರಿಚಿತವಾದುದು. ಯಂತ್ರಜ್ಞರ ನಿಯಮದಲ್ಲಿ ಅದನ್ನು ಕಂಡಾಗ ಸಂತೋಷವಾಯಿತು.

'ಸಾಕ್ಷಿ'ಯೆಂಬ ಪದವನ್ನು ನೋಡಿರಿ. ಅದ್ವೈತದಲ್ಲಿಯೂ ಇದೆ, ದ್ವೈತದಲ್ಲಿಯೂ ಇದೆ. ಅಲ್ಲಿ ಅಂತಃಕರಣವನ್ನು ಉಪಾಧಿಯಾಗಿ ಉಳ್ಳ ಚೈತನ್ಯವು ಸಾಕ್ಷಿ. ಇಲ್ಲಿ ಜೀವನ ಸ್ವರೂಪಭೂತವಾದ ಇಂದ್ರಿಯವು ಸಾಕ್ಷಿ, ಸುಖದುಃಖಗಳನ್ನೂ ಕಾಲವನ್ನೂ ಅರಿಯತಕ್ಕದ್ದು, ಜ್ಞಾನದ ಪ್ರಾಮಾಣ್ಯವನ್ನು ನಿಶ್ಚಯಿಸತಕ್ಕದ್ದು. ಹಾಗೆಯೇ ಜೀವನು ಪ್ರತಿಬಿಂಬವೆಂದು ವಿವರಣಕಾರರ ಅನುಯಾಯಿಗಳೂ ಹೇಳುತ್ತಾರೆ, ನಮ್ಮವರೂ ಹೇಳುತ್ತಾರೆ. ಅವರಿಗೆ ಬಿಂಬಪ್ರತಿಬಿಂಬಗಳು ವಸ್ತುತಃ ಒಂದೇ ಎಂಬುದಕ್ಕೆ ಅದು ದೃಷ್ಟಾಂತ; ನಮಗೆ ಅವು ಭಿನ್ನವೆಂಬುದಕ್ಕೂ ಪ್ರತಿಬಿಂಬವು ಬಿಂಬದ ಅಧೀನವೆಂಬುದಕ್ಕೂ ಅದೇ ದೃಷ್ಟಾಂತ. ಅಕ್ಷರಗಳು ಕೂಡಿದ ಮಾತ್ರಕ್ಕೆ ಯಂತ್ರವು ಇವುಗಳನ್ನು ಒಂದೇ ಚೀಟಿಗೆ ಹಚ್ಚಿದರೆ, ಮುಂದೆ ಅದು ಕೊಡುವ ಉತ್ತರವನ್ನು ಎರಡೂ ಮತದವರು ಒಪ್ಪಲಾರರು.

ಶಾಸ್ತ್ರದವರೆಗೆ ಏಕೆ ಹೋಗಬೇಕು? 'ಮಾವ'ನೆಂಬ ಕನ್ನಡ ಶಬ್ದವನ್ನೇ ತೆಗೆದುಕೊಳ್ಳಿರಿ. ತಾಯಿಯ ಸೋದರನೂ ಮಾವ, ಹೆಂಡತಿಯ ತಂದೆಯೂ ಮಾವ. ಸಂಸ್ಕೃತದಲ್ಲಿ ಮಾತುಲ, ಶ್ವಶುರ ಎಂದು ಬೇರೆ ಬೇರೆ. ಸೋದರಮಾವನ ಮಗಳನ್ನು ತರುವ ಪದ್ಧತಿಯುಳ್ಳ ನಾಡಿನಲ್ಲಿ ಎರಡಕ್ಕೂ ಒಂದೇ ಶಬ್ದವಿರುವುದು ಸಹಜವೇ. ಬೌಧಾಯನರು ತಮ್ಮ ಧರ್ಮಸೂತ್ರದಲ್ಲಿ ಈ ವಿವಾಹವನ್ನು ದಕ್ಷಿಣದೇಶದ ಆಚಾರವೆಂದು ಹೆಸರಿಸಿ, ಉತ್ತರದವರು ಮಾಡಿದರೆ ದೋಷವೆಂದರು. ಉತ್ತರದವರ ಆಚಾರಗಳನ್ನೂ ಅಂತೆಯೇ ಹೆಸರಿಸಿದರು. ದೇಶದ ಹೆಸರನ್ನು ಬಿಟ್ಟು ಆ ಸಾಲನ್ನು ಬರೆಯಲು ಅವರು ಮುಂದಾಗಲಿಲ್ಲ.

ಹೇಳುವವನ ಹೆಸರನ್ನು ಬಿಡದೆ ಬರೆಯುವ ಈ ಮರ್ಯಾದೆಯು ಕೋಶಗಳಲ್ಲಿ ಹೇಗಿರಬೇಕೆಂಬುದಕ್ಕೆ ಮಾದರಿಯನ್ನು ಹುಡ��ಕಿ ದೂರ ಹೋಗಬೇಕಾಗಿಲ್ಲ. ಮಹಾಮಹೋಪಾಧ್ಯಾಯ ಭೀಮಾಚಾರ್ಯ ಝಳಕೀಕರರ 'ನ್ಯಾಯಕೋಶ'ವು ಮುಂಬಯಿಯ ಸಂಸ್ಕೃತ ಗ್ರಂಥಮಾಲೆಯಲ್ಲಿ ಪ್ರಕಟವಾದುದು. ವಾಸುದೇವಶಾಸ್ತ್ರಿ ಅಭ್ಯಂಕರರು ಪರಿಷ್ಕರಿಸಿದ ಆವೃತ್ತಿಯನ್ನು ಪುಣೆಯ ಭಾಂಡಾರಕರ್ ಸಂಸ್ಥೆಯು 1928ರಲ್ಲಿ ಹೊರತಂದಿತು. ಆ ಕೋಶದಲ್ಲಿ ಯಾವ ಪದವನ್ನು ತೆರೆದರೂ ಅರ್ಥದ ಬೆನ್ನಿಗೆ ಆಕರಗ್ರಂಥದ ಸಂಕೇತವಿರುತ್ತದೆ. ಇದು ನೈಯಾಯಿಕರ ಮಾತು, ಇದು ಮೀಮಾಂಸಕರದು, ಇದು ವೇದಾಂತಿಗಳದು ಎಂದು ಬೇರೆಬೇರೆಯಾಗಿ ಎಣಿಸಿಟ್ಟಿರುತ್ತದೆ. ಕೋಶಕಾರರು ತಮ್ಮ ಹೆಸರಿನಲ್ಲಿ ಏನನ್ನೂ ಸಾರುವುದಿಲ್ಲ. ಓದುವವನು ಗ್ರಂಥವನ್ನು ತೆರೆದು ಪರೀಕ್ಷಿಸಬಹುದು.

ಇದಕ್ಕಿಂತಲೂ ಹಿರಿದಾದ ಮಾದರಿಯು ಶ್ರೀವ್ಯಾಸರಾಜರ 'ನ್ಯಾಯಾಮೃತ'. ಜಗತ್ತು ಮಿಥ್ಯೆಯೆಂಬ ಪಕ್ಷವನ್ನು ಖಂಡಿಸಲೆಂದೇ ಹೊರಟ ಗ್ರಂಥವದು. ಖಂಡಿಸುವವನಿಗೆ ಎದುರಾಳಿಯ ಮಾತನ್ನು ದುರ್ಬಲಗೊಳಿಸಿ ಹೇಳುವ ಆಸೆಯು ಸಹಜ. ಶ್ರೀಗಳಾದರೋ 'ಮಿಥ್ಯಾತ್ವ'ವೆಂದರೇನೆಂದು ಅದ್ವೈತಾಚಾರ್ಯರೇ ಹೇಳಿದ ಲಕ್ಷಣಗಳನ್ನು ಮೊದಲು ಒಟ್ಟುಗೂಡಿಸಿದರು. ಪಂಚಪಾದಿಕೆಯ ಲಕ್ಷಣ ಒಂದು, ವಿವರಣದ ಲಕ್ಷಣಗಳು ಎರಡು, ಚಿತ್ಸುಖರದು ಒಂದು, ಆನಂದಬೋಧರದು ಒಂದು, ಹೀಗೆ ಐದು. ಒಂದನ್ನು ಇನ್ನೊಂದರೊಡನೆ ಬೆರೆಸದೆ, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ವಿಮರ್ಶಿಸಿದರು. ಮುಂದೆ ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯಲ್ಲಿ ಉತ್ತರವನ್ನು ಕೊಡಲು ತೊಡಗಿದಾಗ ಆ ಐದನ್ನೇ, ಅದೇ ಕ್ರಮದಲ್ಲಿಯೇ ಎತ್ತಿಕೊಂಡು ಸಮರ್ಥಿಸಿದರು. ನಮ್ಮ ಮತವನ್ನು ವಿಕೃತಗೊಳಿಸಿ ಬರೆದಿದ್ದೀರೆಂದು ಪಟ್ಟಿಯನ್ನು ತಳ್ಳಿಹಾಕಲಿಲ್ಲ. ಪ್ರತಿವಾದಿಯು ಬರೆದ ತನ್ನ ಮತದ ಪಟ್ಟಿಯನ್ನು ವಾದಿಯು ಸ್ವೀಕರಿಸಿ ಅದರ ಮೇಲೆಯೇ ತನ್ನ ಗ್ರಂಥವನ್ನು ಕಟ್ಟಿದನೆಂದರೆ, ಬರೆದವರ ಪ್ರಾಮಾಣಿಕತೆಗೆ ಅದಕ್ಕಿಂತ ಬೇರೆ ಮುದ್ರೆ ಬೇಕೆ? ಜ್ಞಾನಸಂಚಯದಲ್ಲಿ ಅನ್ಯಮತದ ಸಾಲೊಂದನ್ನು ಬರೆಯುವವನು ಇದನ್ನೇ ಒರೆಗಲ್ಲಾಗಿ ಇರಿಸಿಕೊಳ್ಳಬಹುದು. ಆ ಮತದ ವಿದ್ವಾಂಸನು ಈ ಸಾಲನ್ನು ನೋಡಿ ರುಜು ಹಾಕುವನೆ?

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಕೇಳಿದ್ದೇವೆ. ಸಾಲುಸಾಲಿಗೂ ವಕ್ತಾರನನ್ನೂ ಆಕರವನ್ನೂ ಹುಡುಕುತ್ತ ಕುಳಿತರೆ ಕಾರ್ಯವು ಎಂದಿಗೂ ಮುಗಿಯದೆಂಬುದು ಒಂದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಆರಂಭವಾದ ಸಂಸ್ಕೃತ ಮಹಾಕೋಶಕ್ಕಾಗಿ ಸುಮಾರು 1500 ಗ್ರಂಥಗಳಿಂದ ಒಂದು ಕೋಟಿಯಷ್ಟು ಚೀಟಿಗಳನ್ನು ಬರೆದಿಟ್ಟರು. ಪ್ರತಿ ಅರ್ಥಕ್ಕೂ ಕಾಲಕ್ರಮದಲ್ಲಿ ಪ್ರಯೋಗಗಳನ್ನು ಕೊಡುತ್ತ ದಶಕಗಳ ಕಾಲ ಹೊರತಂದ ಸಂಪುಟಗಳೂ ಅಕಾರದಿಂದ ಆರಂಭವಾಗುವ ಶಬ್ದಗಳನ್ನು ದಾಟಲಿಲ್ಲ. ಆದರೆ ಅಲ್ಲಿ ಬರೆದ ಒಂದೊಂದು ಪುಟವೂ ವಿದ್ವಾಂಸನಿಗೆ ಭರವಸೆಯಿಂದ ಕಾಲಿಡಬಹುದಾದ ನೆಲ. ಲಕ್ಷ ಸಾಲುಗಳಲ್ಲಿ ಯಾವುದು ಸರಿಯೆಂದು ತಿಳಿಯದ ಸಂಚಯಕ್ಕಿಂತ ಸಾವಿರ ಸಾಲುಗಳ ಇಂಥ ನೆಲವೇ ನಮಗೆ ಇಷ್ಟ. ನಾವು ರೈಲ್ವೆಯಲ್ಲಿದ್ದ ಕಾಲದಲ್ಲಿ ಒಂಟಿ ಹಳಿಯ ಮಾರ್ಗಗಳಲ್ಲಿ ಟೋಕನ್ ಎಂಬ ಲೋಹದ ಗುಂಡನ್ನು ಚಾಲಕನ ಕೈಗೆ ಕೊಡದೆ ಗಾಡಿಯನ್ನು ಮುಂದಿನ ನಿಲ್ದಾಣಕ್ಕೆ ಬಿಡುತ್ತಿರಲಿಲ್ಲ. ಯಾವ ಎರಡು ನಿಲ್ದಾಣಗಳ ನಡುವೆ ಅದು ಸಲ್ಲುತ್ತದೆಂಬುದನ್ನು ಚಾಲಕನು ನೋಡಿಕೊಂಡೇ ಹೊರಡಬೇಕು. ಅದರಿಂದ ಗಾಡಿಗಳು ತಡವಾಗುತ್ತಿದ್ದುದು ನಿಜ. ಹಳಿಯು ಕಣ್ಣೆದುರಿಗೇ ಇದೆಯಲ್ಲಾ, ಗುಂಡೇಕೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ಗಹನವಾದುದು. ಪ್ರತಿಯೊಂದು ಸಾಲಿಗೂ 'ಇಂಥವರ ಮತದಲ್ಲಿ' ಎಂದು ಬರೆದರೆ ಎಲ್ಲ ಮತಗಳೂ ಸಮಾನವೆಂದಂತಾಯಿತು. ಸತ್ಯವು ಒಂದೇ ಅಲ್ಲವೆ, ಅದನ್ನೇ ಬರೆದರಾಗದೆ, ಎಂದು ನಿಷ್ಠಾವಂತರಾದ ಕೆಲವು ಹಿರಿಯರು ಕೇಳುತ್ತಾರೆ. ಸತ್ಯವು ಒಂದೇ ಎಂಬುದರಲ್ಲಿ ನಮಗೂ ಸಂದೇಹವಿಲ್ಲ. ಆದರೆ ಶಾಸ್ತ್ರದಲ್ಲಿ ಅನುವಾದ ಬೇರೆ, ನಿರ್ಣಯ ಬೇರೆ. ಪೂರ್ವಪಕ್ಷವನ್ನು ಬರೆಯುವುದು ಅನುವಾದ, ಅದು ಒಪ್ಪಿಗೆಯಲ್ಲ. ಉಪಕ್ರಮೋಪಸಂಹಾರಾದಿ ಲಿಂಗಗಳಿಂದ ತಾತ್ಪರ್ಯವನ್ನು ತೂಗಿ ಇದು ಸಿದ್ಧಾಂತವೆನ್ನುವುದು ನಿರ್ಣಯ. ಕೋಷ್ಟಕದ ಅಂಕಣವು ಅನುವಾದಕ್ಕೆ ತಕ್ಕ ಸ್ಥಳವೇ ಹೊರತು ನಿರ್ಣಯಕ್ಕಲ್ಲ. ಎರಡನ್ನೂ ಬೆರೆಸಿದರೆ ಕೆಡುವುದು ನಿರ್ಣಯವೇ. ಏಕೆಂದರೆ ಯಾವುದನ್ನು ನಿರಾಕರಿಸಿ ಅದು ನಿಂತಿದೆಯೆಂಬುದೇ ಕಾಣದೆ ಹೋಗುತ್ತದೆ. ಈ ದೃಷ್ಟಿಯಿಂದ 2012ರಲ್ಲಿ ಆರಂಭವಾದ 'ವಿಕಿಡೇಟಾ' ಎಂಬ ಸಾರ್ವಜನಿಕ ಸಂಚಯದ ಏರ್ಪಾಡು ನಮಗೆ ಹಿಡಿಸಿತು. ಅಲ್ಲಿ ಒಂದೇ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಸಾಲುಗಳೂ ಇರಬಹುದು. ಪ್ರತಿಯೊಂದಕ್ಕೂ ಆಕರವನ್ನು ಲಗತ್ತಿಸಲು ಸ್ಥಳವಿದೆ. ಸ್ಥಳವಿದ್ದರೂ ಬಹುಮಂದಿ ಅದನ್ನು ಬರಿದಾಗಿಯೇ ಬಿಡುತ್ತಾರೆಂಬುದು ಬೇರೆ ಮಾತು.

ಸಂಬಂಧವು ನಿಶ್ಚಯವಾಗದೆ ಇದ್ದಾಗ ಏನು ಮಾಡಬೇಕು? ಎಲ್ಲ ಪಟ್ಟಿಗಳ ಕೊನೆಯಲ್ಲಿಯೂ 'ಸಂಬಂಧಿತ' ಎಂಬ ಒಂದು ಹೆಸರಿರುತ್ತದೆ. ಸೋಮಾರಿಗೆ ಅದೊಂದು ಛತ್ರ. ಯಾವುದು ಯಾವುದಕ್ಕೆ ಸಂಬಂಧಿಸಿಲ್ಲ? ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಎಸ್.ಆರ್. ರಂಗನಾಥನ್ನರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಪದ್ಧತಿಯು ಮುಂದೆ ಬೆಳೆದಾಗ, ಎರಡು ವಿಷಯಗಳು ಒಂದು ಗ್ರಂಥದಲ್ಲಿ ಕೂಡಿದರೆ ಆ ಕೂಟವು ಯಾವ ಬಗೆಯದೆಂಬುದನ್ನು ಗುರುತಿಸಲು ಬೇರೆ ಬೇರೆ ಸಂಕೇತಗಳನ್ನು ಒದಗಿಸಿತು. ಸಾಮಾನ್ಯ ಸಂಬಂಧ, ಒಂದನ್ನು ಇನ್ನೊಂದಕ್ಕೆ ಒಗ್ಗಿಸಿ ಹೇಳುವುದು, ಹೋಲಿಕೆ, ಭೇದ, ಒಂದರ ಮೇಲೆ ಇನ್ನೊಂದರ ಪ್ರಭಾವ. ಹೋಲಿಕೆ ಬೇರೆ, ಭೇದ ಬೇರೆ ಎಂದು ಆ ಗಣಿತಜ್ಞ ಗ್ರಂಥಪಾಲಕರು ಪಟ್ಟು ಹಿಡಿದದ್ದು ಗಮನಾರ್ಹ. 'ಸಾಮಾನ್ಯ'ವೆಂಬುದೂ ಅವರ ಪಟ್ಟಿಯಲ್ಲಿದೆಯಾದರೂ ಅದು ಒಂದು ಬಾಗಿಲು ಮಾತ್ರ. ಅದಕ್ಕೂ ತಕ್ಕದ್ದಲ್ಲದ ಜೋಡಿಗೆ ಅಂಕಣವನ್ನು ಬರಿದಾಗಿ ಬಿಡುವುದೇ ಲೇಸು. ಬರಿದಾದ ಅಂಕಣವು ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಮುಂದೆ ಬಲ್ಲವನೊಬ್ಬನು ಬಂದು ತುಂಬಬಹುದು.

ರುಜು ಹಾಕಲು ಯಾರೂ ಉಳಿದಿಲ್ಲದ ಮತದ ವಿಷಯದಲ್ಲಿ ಮಾತ್ರ ಮೇಲೆ ಹೇಳಿದ ಒರೆಗಲ್ಲು ಸಾಲದಾಗುತ್ತದೆ. ಚಾರ್ವಾಕರ ಗ್ರಂಥಗಳು ಬಹುಮಟ್ಟಿಗೆ ನಷ್ಟವಾಗಿವೆ. ಗುಜರಾತಿನ ಪಾಟಣದಲ್ಲಿ ದೊರೆತ ತಾಳೆಯ ಗರಿಯ ಪ್ರತಿಯಿಂದ 1940ರಲ್ಲಿ ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಅಚ್ಚಾದ ಜಯರಾಶಿಯ 'ತತ್ತ್ವೋಪಪ್ಲವಸಿಂಹ'ವಿದೆ. ಅದಾದರೂ ಪ್ರತ್ಯಕ್ಷವನ್ನೂ ಬಿಡದೆ ಎಲ್ಲ ಪ್ರಮಾಣಗಳನ್ನೂ ಅಲ್ಲಗಳೆಯುವ ಗ್ರಂಥವಾದುದರಿಂದ ಅದು ಚಾರ್ವಾಕರದೇ ಹೌದೆ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಉಳಿದಂತೆ ನಮಗೆ ತಿಳಿದಿರುವುದೆಲ್ಲ ವಿರೋಧಿಗಳು ಹೇಳಿದ್ದು. ಹದಿನಾಲ್ಕನೆಯ ಶತಮಾನದ 'ಸರ್ವದರ್ಶನಸಂಗ್ರಹ'ವು ಚಾರ್ವಾಕದರ್ಶನದಿಂದಲೇ ಆರಂಭವಾಗುತ್ತದೆ. ಐದನೆಯದಾಗಿ ನಮ್ಮ ಪೂರ್ಣಪ್ರಜ್ಞದರ್ಶನವೂ ಅಲ್ಲಿದೆ, ಬರೆದವರು ಅದ್ವೈತಿಗಳಾದರೂ ಪಂಚಭೇದಗಳನ್ನು ಅಲ್ಲಿ ನಿರೂಪಿಸಿದ್ದಾರೆ. ನಮ್ಮ ಅಧ್ಯಾಯವು ಸರಿಯಾಗಿದೆಯೆ ಎಂದು ಪರೀಕ್ಷಿಸಲು ಶ್ರೀಮದಾಚಾರ್ಯರ ಗ್ರಂಥಗಳೂ ಟೀಕಾಚಾರ್ಯರ ಗ್ರಂಥಗಳೂ ಕೈಯಲ್ಲಿವೆ. ಚಾರ್ವಾಕನಿಗೆ ಆ ಭಾಗ್ಯವಿಲ್ಲ. 'ಚೈತನ್ಯ'ವು ಇತ್ತ, 'ಭೂತಚತುಷ್ಟಯ'ವು ಅತ್ತ. ನಡುವೆ 'ಉತ್ಪನ್ನ'ವೆಂದು ಬರೆಯಬೇಕೆ, 'ಅಭಿವ್ಯಕ್ತ'ವೆಂದು ಬರೆಯಬೇಕೆ? ಅವರನ್ನು ಖಂಡಿಸಿದ ಗ್ರಂಥಗಳಲ್ಲಿ ಎರಡೂ ಪಕ್ಷಗಳು ಉಲ್ಲೇಖಗೊಂಡಿವೆ. ಅಂಥ ಕಡೆ ಎರಡು ಸಾಲುಗಳನ್ನೂ ಬರೆದು, ವಕ್ತಾರನ ಅಂಕಣದಲ್ಲಿ ಚಾರ್ವಾಕನ ಹೆಸರನ್ನು ಹಾಕದೆ, ಅವನ ಮಾತನ್ನು ನಮಗೆ ತಲುಪಿಸಿದ ವಿರೋಧಿಯ ಗ್ರಂಥದ ಹೆಸರನ್ನೇ ಹಾಕತಕ್ಕದ್ದು.